ಫ್ಲೆಕ್ಸ್‌ನಲ್ಲಿ ಐದು ಹೆಸರಿಗೆ ಜಾಗ ಬಿಡಿ

ಸುರತ್ಕಲ್, ಕುಳಾಯಿ, ಕೃಷ್ಣಾಪುರ, ಕಾಟಿಪಳ್ಳ, ಬಾಳ, ಕುತ್ತೆತ್ತೂರು ಕಡೆಯ ಯುವಕ ಮಂಡಲ, ಫ್ರೆಂಡ್ಸ್ ಸರ್ಕಲ್, ಸ್ಪೋರ್ಟ್ಸ್ ಕ್ಲಬ್‌ಗಳ ಗೆಳೆಯರಿಗೆ,



ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರ ಫ್ಲೆಕ್ಸ್ ಹಾಕಿದವರು ನಿಮ್ಮಲ್ಲಿ ಇದ್ದೀರಿ, ಮುಂದೆ ಹಾಕುವವರೂ ಇದ್ದೀರಿ. ಬೇಡ ಅನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಮ್ಮೂರಿನಲ್ಲಿ ಶಾಲೆ ಕಲಿತ ಹುಡುಗನೊಬ್ಬ ಮೂವತ್ತು ತುಂಬುವ ಮೊದಲೇ ಗುಂಡೇಟಿಗೆ ಸತ್ತಾಗ ರಾತ್ರೋರಾತ್ರಿ ದುಡ್ಡು ಕೂಡಿಸಿ, ಪ್ರಿಂಟಿಂಗ್ ಅಂಗಡಿಯ ಬಾಗಿಲು ಬಡಿದು, ಬೆಳಗಾಗುವುದರೊಳಗೆ ಕಂಬಕ್ಕೆ ಹಗ್ಗ ಬಿಗಿಯುವವರು ನೀವೇ. ಆ ಉಮೇದು ಇಲ್ಲದ ಊರು ಇನ್ನೂ ಬಡವಾಗಿರುತ್ತದೆ. ನನ್ನ ತಕರಾರು ಇರುವುದು ಫ್ಲೆಕ್ಸ್‌ನ ಒಳಗೆ ಏನಿದೆ ಎಂಬುದರ ಬಗ್ಗೆ.

ಇಂಥದ್ದೊಂದನ್ನು ಹತ್ತಿರದಿಂದ ನೋಡಿದ್ದೇನೆ. ಎಡಗಡೆ ತ್ರಿವರ್ಣ, ಬಲಗಡೆ ಟ್ಯಾಂಕ್, ನೆತ್ತಿಯ ಮೇಲೆ ಫೈಟರ್ ವಿಮಾನ. ನಡುವೆ ಯೋಧನ ಮುಖ. ಕೆಳಗೆ ಸಾಲಾಗಿ ಹತ್ತು ಹನ್ನೆರಡು ದುಂಡು ಚೌಕಟ್ಟುಗಳು, ಅದರಲ್ಲಿ ಕೂಲಿಂಗ್ ಗ್ಲಾಸ್ ಹಾಕಿದವರು, ಕೈ ಮುಗಿದವರು, ಫೋನ್ ಕಿವಿಗಿಟ್ಟವರು. ಅವರ ಮೇಲೆ ದಪ್ಪ ಅಕ್ಷರದಲ್ಲಿ 'ಶುಭ ಕೋರುವವರು' ಅಂತ. ಶ್ರದ್ಧಾಂಜಲಿಗೆ ಶುಭ ಕೋರಿಕೆ! ಬೇಕೆಂದು ಮಾಡಿದ್ದಲ್ಲ ಅಂತ ಗೊತ್ತು. ಯಾರದೋ ಬರ್ತ್‌ಡೇ ಡಿಸೈನಿನ ಮೇಲೆ ಹೊಸ ಫೋಟೋ ಕೂರಿಸಿದರೆ ಹೀಗೆಯೇ ಆಗುವುದು. ಆದರೆ ಆ ಇಡೀ ಫ್ಲೆಕ್ಸ್ ಓದಿದರೂ ಆ ಮನುಷ್ಯ ಎಲ್ಲಿ ಸತ್ತ, ಹೇಗೆ ಸತ್ತ, ಅವನ ಪಕ್ಕದಲ್ಲಿ ಯಾರಿದ್ದರು ಅನ್ನುವುದು ತಿಳಿಯುವುದಿಲ್ಲ. ನನ್ನ ಮಾತೆಲ್ಲ ಇಷ್ಟಕ್ಕೇ.

ಹಾಗಾದರೆ ಏನು ನಡೆಯಿತು?

2023ರ ನವೆಂಬರ್ 22, ಬುಧವಾರ. ಕ್ರಿಕೆಟ್ ವಿಶ್ವಕಪ್ ಫೈನಲ್ ಸೋತು ಮೂರು ದಿನ ಆಗಿತ್ತು. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಇನ್ನೂ ಸಿಕ್ಕಿಕೊಂಡಿದ್ದರು. ಟಿವಿಗಳೆಲ್ಲ ಆ ಸುರಂಗದ ಬಾಯಿಯಲ್ಲೇ ಠಿಕಾಣಿ ಹೂಡಿದ್ದವು. ಜಮ್ಮುವಿನ ರಜೌರಿ ಜಿಲ್ಲೆಯ ಕಾಲಾಕೋಟ್ ಭಾಗ, ಧರ್ಮಸಾಲ್ ಹತ್ತಿರದ ಬಾಜಿಮಾಲ್ ಅನ್ನುವಲ್ಲಿ ಕಾಡಿನಲ್ಲಿ ಉಗ್ರರಿದ್ದಾರೆ ಎಂಬ ಸುಳಿವಿನ ಮೇಲೆ ಸೇನೆ ಮತ್ತು ಪೊಲೀಸರು ಸುತ್ತುವರಿದರು. ಪೀರ್ ಪಂಜಾಲ್ ಬೆಟ್ಟಸಾಲಿನ ದಕ್ಷಿಣದ ಸೆರಗು ಅದು. ದಟ್ಟ ಕಾಡು, ಬಂಡೆ, ಗುಹೆ, ನಡುನಡುವೆ ಒಂಟಿ ಮನೆಗಳು. ಗುಂಡಿನ ಚಕಮಕಿ ಮರುದಿನದವರೆಗೆ ಎಳೆಯಿತು. ಇಬ್ಬರು ಉಗ್ರರು ಸತ್ತರು. ಅವರಲ್ಲೊಬ್ಬ ಕ್ವಾರಿ ಎಂಬ ಪಾಕಿಸ್ತಾನಿ, ಲಷ್ಕರ್‌ನ ಮುಂದಾಳು. ಅದೇ ವರ್ಷದ ಜನವರಿಯಲ್ಲಿ ರಜೌರಿಯ ಡಾಂಗ್ರಿ ಹಳ್ಳಿಯಲ್ಲಿ ಏಳು ಮಂದಿ ನಾಗರಿಕರನ್ನು ಕೊಂದ ದಾಳಿಯ ಹಿಂದೆ ಇವನ ಕೈವಾಡವಿತ್ತು ಎಂದು ಸೇನೆ ಹೇಳಿತು. ನಮ್ಮ ಕಡೆಯವರು ಐವರು ಸತ್ತರು. ಮೊದಲ ದಿನ ನಾಲ್ವರು, ಮರುದಿನ ಐದನೆಯವರು. ಅಲ್ಲಿದ್ದ ಹೆಂಗಸರಿಗೂ ಮಕ್ಕಳಿಗೂ ಅಪಾಯ ಆಗದಂತೆ ನೋಡಿಕೊಳ್ಳುವ ಯತ್ನದಲ್ಲೇ ಇವರು ಜೀವ ತೆತ್ತರು ಎಂಬುದು ಸೇನೆಯ ಹೇಳಿಕೆಯಲ್ಲಿತ್ತು.

ಈ ಕೊನೆಯ ವಾಕ್ಯ ಫ್ಲೆಕ್ಸ್‌ಗೆ ಬರಬೇಕಿತ್ತು. ಅದರ ಬದಲು ಬಂದದ್ದು ಟ್ಯಾಂಕ್.

ಪ್ರಾಂಜಲ್ ಅವರಿಗೂ ಟ್ಯಾಂಕಿಗೂ ಸಂಬಂಧವೇ ಇರಲಿಲ್ಲ. ಅವರ ಮೂಲ ವಿಭಾಗ ಕೋರ್ ಆಫ್ ಸಿಗ್ನಲ್ಸ್, ಅಂದರೆ ಸೇನೆಯ ಸಂಪರ್ಕ ವ್ಯವಸ್ಥೆ: ರೇಡಿಯೋ, ಕೇಬಲ್, ಒಂದು ತುಕಡಿಯ ಮಾತು ಇನ್ನೊಂದಕ್ಕೆ ತಲುಪಿಸುವ ಕೆಲಸ. ಅಲ್ಲಿಂದ 63ನೇ ರಾಷ್ಟ್ರೀಯ ರೈಫಲ್ಸ್‌ಗೆ ಹೋಗಿದ್ದರು. ರಾಷ್ಟ್ರೀಯ ರೈಫಲ್ಸ್ ಹುಟ್ಟಿದ್ದು 1990ರಲ್ಲಿ, ಜಮ್ಮು ಕಾಶ್ಮೀರದ ಉಗ್ರರ ವಿರುದ್ಧವೇ ಹೋರಾಡುವುದಕ್ಕೆ. ಅದಕ್ಕೆ ನೇರ ಭರ್ತಿ ಇಲ್ಲ. ಕಾಲ್ದಳ, ಫಿರಂಗಿ ದಳ, ಸಿಗ್ನಲ್ಸ್, ಎಂಜಿನಿಯರ್ಸ್ ಹೀಗೆ ಎಲ್ಲ ಕಡೆಯಿಂದ ಅಧಿಕಾರಿಗಳೂ ಜವಾನರೂ ಕೆಲವು ವರ್ಷದ ಮಟ್ಟಿಗೆ ಬಂದು, ಗುಡ್ಡ ಹತ್ತಿ ಇಳಿದು, ಮತ್ತೆ ತಮ್ಮ ಮೂಲ ಪಡೆಗೆ ಮರಳುತ್ತಾರೆ. ಪ್ರಾಂಜಲ್ ಮರಳಲಿಲ್ಲ. ಎರಡು ತಿಂಗಳ ಬಳಿಕ, 2024ರ ಗಣರಾಜ್ಯೋತ್ಸವದ ಹೊತ್ತಿಗೆ ಅವರಿಗೆ ಮರಣೋತ್ತರ ಶೌರ್ಯ ಚಕ್ರ ಪ್ರಕಟವಾಯಿತು. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಈ ಮೂರೂ ಶಾಂತಿಕಾಲದ ಪದಕಗಳು. ಯುದ್ಧಕಾಲಕ್ಕೆ ಪರಮವೀರ, ಮಹಾವೀರ, ವೀರ ಚಕ್ರಗಳು ಬೇರೆ. ಅಂದರೆ ಸರ್ಕಾರದ ಕಡತದಲ್ಲಿ ಬಾಜಿಮಾಲ್‌ನ ಆ ಎರಡು ದಿನ ಶಾಂತಿಕಾಲದಲ್ಲಿ ಬರುತ್ತವೆ. 2023ರ ಏಪ್ರಿಲ್ 20ರಂದು ಪೂಂಛ್‌ನಲ್ಲಿ ಸೇನೆಯ ಲಾರಿಯ ಮೇಲೆ ದಾಳಿಯಾಗಿ ಐವರು, ಮೇ 5ರಂದು ರಜೌರಿಯ ಕಾಂಡಿ ಕಾಡಿನಲ್ಲಿ ಐವರು, ನವೆಂಬರ್‌ನಲ್ಲಿ ಈ ಐವರು. ಇಷ್ಟೆಲ್ಲ ಶಾಂತಿಯೊಳಗೇ ನಡೆಯಿತು. ನಾವು ಯುದ್ಧ ಅಂದ ಕೂಡಲೇ ಕಾರ್ಗಿಲ್‌ಗೆ ಹೋಗಿ ನಿಂತುಬಿಡುತ್ತೇವಲ್ಲ, ಆಮೇಲಿನ ಸಾವುಗಳು ಹೀಗೆ ಬಿಡಿಬಿಡಿಯಾಗಿ, ಐದೈದಾಗಿ ಬರುತ್ತವೆ. ಸುದ್ದಿಯಲ್ಲಿ ಎರಡು ದಿನ ಇದ್ದು ಹೋಗುತ್ತವೆ.

ಇನ್ನು ಆ ಐದು ಹೆಸರುಗಳು. ದಯವಿಟ್ಟು ಒಮ್ಮೆ ಗಟ್ಟಿಯಾಗಿ ಓದಿ.

ಕ್ಯಾಪ್ಟನ್ ಎಂ.ವಿ. ಪ್ರಾಂಜಲ್. ಕ್ಯಾಪ್ಟನ್ ಶುಭಂ ಗುಪ್ತಾ, ಆಗ್ರಾದವರು. ಹವಿಲ್ದಾರ್ ಅಬ್ದುಲ್ ಮಜೀದ್, ಪೂಂಛ್‌ನವರು. ಲ್ಯಾನ್ಸ್ ನಾಯಕ್ ಸಂಜಯ್ ಬಿಷ್ಟ್, ನೈನಿತಾಲ್ ಜಿಲ್ಲೆಯವರು. ಪ್ಯಾರಾಟ್ರೂಪರ್ ಸಚಿನ್ ಲೌರ್, ಅಲೀಗಢದ ಕಡೆಯವರು.

ಪ್ರಾಂಜಲ್ ಬಿಟ್ಟರೆ ಉಳಿದವರು 9 ಪ್ಯಾರಾದ ಕಮಾಂಡೋಗಳು. ಮೇ ತಿಂಗಳಲ್ಲಿ ಕಾಂಡಿಯಲ್ಲಿ ಐವರನ್ನು ಕಳೆದುಕೊಂಡಿದ್ದ ಪಡೆಯೂ ಇದೇ. ಸಚಿನ್‌ಗೆ ಡಿಸೆಂಬರ್‌ನಲ್ಲಿ ಮದುವೆ ನಿಶ್ಚಯವಾಗಿತ್ತು. ಅಬ್ದುಲ್ ಮಜೀದ್ ಅವರ ಊರು ಅಜೋಟ್, ಗಡಿ ನಿಯಂತ್ರಣ ರೇಖೆಗೆ ತಾಗಿಕೊಂಡ ಹಳ್ಳಿ. ಗಡಿ ಅನ್ನುವುದು ನಮಗೆ ಸಿನೆಮಾದಲ್ಲಿ ಕಾಣುವ ಮುಳ್ಳುತಂತಿ. ಅವರಿಗೆ ಅದು ಹಿತ್ತಿಲು. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಬಂತು, ನಮ್ಮ ಹುಡುಗನಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಈ ವಿಷಯ ಮಂಗಳೂರಿನಲ್ಲಿ ಎಷ್ಟು ಜನರಿಗೆ ಗೊತ್ತುಂಟು? ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲ. ಪ್ರತಿ ಊರೂ ತನ್ನ ಮಗನ ಫೋಟೋ ಕತ್ತರಿಸಿಕೊಂಡು ಹೋಯಿತು, ಪತ್ರಿಕೆಗಳೂ ಹಾಗೆಯೇ ಮಾಡಿದವು. ಆಗ್ರಾದಲ್ಲಿ ಶುಭಂ ಒಬ್ಬರೇ, ಅಲೀಗಢದಲ್ಲಿ ಸಚಿನ್ ಒಬ್ಬರೇ, ಪೂಂಛ್‌ನಲ್ಲಿ ಮಜೀದ್ ಒಬ್ಬರೇ. ಒಂದೇ ಕಾಡಿನಲ್ಲಿ ಒಟ್ಟಿಗಿದ್ದವರನ್ನು ಐದು ಊರುಗಳು ಐದು ಕಡೆ ಎಳೆದುಕೊಂಡವು.

ಆಗ್ರಾ ಅಂದಾಗ ಒಂದು ಮಾತು ಹೇಳಲೇಬೇಕು. ಅಲ್ಲಿ ಶುಭಂ ಮನೆಗೆ ಉತ್ತರ ಪ್ರದೇಶದ ಮಂತ್ರಿಯೊಬ್ಬರು ಪರಿಹಾರದ ಚೆಕ್ ಹಿಡಿದು ಬಂದರು. ಸುತ್ತ ಕ್ಯಾಮೆರಾ. ಗೋಳಾಡುತ್ತಿದ್ದ ತಾಯಿಯ ಕೈಗೆ ಚೆಕ್ ಕೊಡುವುದು, ಫೋಟೋ ತೆಗೆಸುವುದು ನಡೆದಿತ್ತು. ಇದನ್ನು ಪ್ರದರ್ಶನ ಮಾಡಬೇಡಿ, ನನಗೆ ನನ್ನ ಮಗನನ್ನು ತಂದುಕೊಡಿ ಎಂದು ಆಕೆ ಕೂಗಿಕೊಂಡರು. ಆ ವೀಡಿಯೋ ದೇಶವಿಡೀ ಓಡಾಡಿತು. ನಿಮ್ಮಲ್ಲಿ ಹಲವರು ಸಿಟ್ಟಿನಿಂದ ಫಾರ್ವರ್ಡ್ ಮಾಡಿರಲೂಬಹುದು. ಆ ಸಿಟ್ಟು ಸರಿಯಾದದ್ದೇ. ಆದರೆ ಮಂತ್ರಿ ಚೆಕ್ ಹಿಡಿದು ಫ್ರೇಮಿನೊಳಗೆ ನಿಂತದ್ದಕ್ಕೂ ದುಂಡು ಚೌಕಟ್ಟಿನಲ್ಲಿ ನಾವು ಹಲ್ಲು ಕಿರಿದು ನಿಂತದ್ದಕ್ಕೂ ಎಷ್ಟು ಅಂತರ ಅಂತ ನೀವೇ ಅಳೆದು ನೋಡಿ.

ಮಂಗಳೂರಿಗೂ ಪ್ರಾಂಜಲ್‌ಗೂ ಇರುವ ನಂಟಿನ ಬಗ್ಗೆಯೂ ಪ್ರಾಮಾಣಿಕವಾಗಿ ಮಾತಾಡೋಣ. ಕುಟುಂಬದ ಬೇರು ಮೈಸೂರು ಕಡೆಯದು. ತಂದೆ ಎಂಆರ್‌ಪಿಎಲ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕರ ಹುದ್ದೆಯವರೆಗೆ ಹೋದವರು. ಮಗ ಓದಿದ್ದು ಇಲ್ಲಿಯ ಎಂಆರ್‌ಪಿಎಲ್ ದೆಹಲಿ ಪಬ್ಲಿಕ್ ಸ್ಕೂಲಿನಲ್ಲಿ. ರಿಫೈನರಿಯ ಚಿಮಿಣಿ ಕಾಣುವ, ಗಾಳಿ ತಿರುಗಿದರೆ ಅದರ ವಾಸನೆಯೂ ಬರುವ ಜಾಗದಲ್ಲಿ ಬೆಳೆದ ಹುಡುಗ. ನಮ್ಮದು ಕೊಡಗಿನ ಹಾಗೆ ಮನೆಗೊಬ್ಬ ಸೈನಿಕ ಅನ್ನುವ ಜಿಲ್ಲೆಯಲ್ಲ. ನಮ್ಮ ಮಕ್ಕಳು ಬ್ಯಾಂಕಿಗೆ ಹೋದರು, ಮುಂಬೈ ಹೋಟೆಲಿಗೆ ಹೋದರು, ಗಲ್ಫಿಗೆ ಹೋದರು, ಈಗ ಕೋಚಿಂಗ್ ಸೇರಿ ಎಂಜಿನಿಯರಿಂಗ್‌ಗೆ ಹೋಗುತ್ತಾರೆ. ಸೈನ್ಯದ ಜೊತೆ ನಮ್ಮ ಊರಿಗಿರುವ ಹಳೆಯ ಹೆಮ್ಮೆ ಒಂದು ಬಟ್ಟೆಯದು: ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಆರಂಭಕ್ಕೆ ಜಾನ್ ಹಾಲರ್ ಗೇರಿನಿಂದ ಖಾಕಿ ಬಣ್ಣ ಮಾಡಿದ ಎನ್ನುವ ಕಥೆ. ಆ ಬಟ್ಟೆ ತೊಟ್ಟು ಹೋದವರ ಲೆಕ್ಕ ಇಟ್ಟವರು ಕಮ್ಮಿ. ದೊಡ್ಡ ಕಂಪೆನಿಯ ದೊಡ್ಡ ಅಧಿಕಾರಿಯ ಮಗ, ಬೇರೆ ನೂರು ದಾರಿ ಇದ್ದವನು, ಸೇನೆ ಆರಿಸಿಕೊಂಡ. ಈ ಆಯ್ಕೆ ನಮ್ಮೂರಿನ ಮಟ್ಟಿಗೆ ಅಪರೂಪದ್ದು. ಶಾಲೆ ಮಕ್ಕಳಿಗೆ ಹೇಳುವುದಾದರೆ ಇದನ್ನು ಹೇಳಿ.

ಆ ದೇಹ ಮಂಗಳೂರಿಗೆ ಬರಲಿಲ್ಲ. ಹೆತ್ತವರು ಅಷ್ಟರಲ್ಲಿ ಬೆಂಗಳೂರು ಹೊರವಲಯದ ಜಿಗಣಿಯಲ್ಲಿ ನೆಲೆಸಿದ್ದರು. ನವೆಂಬರ್ 24ರ ರಾತ್ರಿ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ತಂದರು. ರಾಜ್ಯಪಾಲರೂ ಮುಖ್ಯಮಂತ್ರಿಯೂ ಗೌರವ ಸಲ್ಲಿಸಿದರು. 25ರ ಶನಿವಾರ ಕೂಡ್ಲು ಸಮೀಪ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ನೆನಪುಂಟಾ ಆ ಶನಿವಾರ ನೀವೆಲ್ಲ ಎಲ್ಲಿದ್ದಿರಿ ಅಂತ? ಅದೇ ದಿನ ಬೆಂಗಳೂರು ಅರಮನೆ ಮೈದಾನದಲ್ಲಿ ಕಂಬಳ ಶುರು. ಜಿಲ್ಲೆಯ ಕೋಣಗಳೆಲ್ಲ ಲಾರಿ ಹತ್ತಿ ಘಾಟಿ ದಾಟಿದ್ದವು, ಅದರ ಹಿಂದೆ ಬಸ್ಸು, ಕಾರು, ಟೆಂಪೋಗಳಲ್ಲಿ ಕರಾವಳಿಯ ಅರ್ಧ ಜನ. ತುಳುನಾಡಿಗೆ ತುಳುನಾಡೇ ಬೆಂಗಳೂರಿನಲ್ಲಿತ್ತು. ಅದೇ ನಗರದ ಇನ್ನೊಂದು ತುದಿಯಲ್ಲಿ ಸುರತ್ಕಲ್‌ನ ಶಾಲೆಯಲ್ಲಿ ಕಲಿತ ಹುಡುಗನ ಚಿತೆ. ಯಾರನ್ನೂ ದೂರುವುದಿಲ್ಲ, ಕಂಬಳದ ದಿನ ಮೊದಲೇ ನಿಗದಿಯಾಗಿತ್ತು, ಸಾವು ದಿನ ಕೇಳಿ ಬರುವುದಿಲ್ಲ. ಆದರೂ ಕೊನೆಯ ದರ್ಶನ ನಮಗೆ ಸಿಗಲಿಲ್ಲ. ಅದಕ್ಕೇ ಇರಬೇಕು, ನಮ್ಮ ನೆನಪು ಫೋಟೋದ ಆಚೆ ಹೋಗಲಿಲ್ಲ.

ಆದರೆ ಎಳೆಯ ಪ್ರಾಯದಲ್ಲಿ ಕಾದಾಡಿ ಸತ್ತವರನ್ನು ನೆನೆಯುವುದು ಹೇಗೆ ಅಂತ ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. ಗರಡಿಗೆ ಹೋಗುವ ನಿಮಗೆ ಕೋಟಿ ಚೆನ್ನಯರ ವಿಷಯ ನಾನು ಹೇಳುವುದಾ? ಆದರೂ ಒಂದು ಕ್ಷಣ ನೋಡಿ, ಪಾಡ್ದನ ಏನು ಮಾಡುತ್ತದೆ. ವೀರರು ಅಮರರು ಎಂದು ಎರಡು ಸಾಲು ಹೇಳಿ ಮುಗಿಸುವುದಿಲ್ಲ. ದೇಯಿ ಬೈದೆತಿಯಿಂದ ಶುರು. ಆಕೆ ಪಡುಮಲೆಯ ಬಲ್ಲಾಳನ ಕಾಲಿನ ನಂಜಿಗೆ ಮದ್ದು ಮಾಡಿದ್ದು, ಹೆರಿಗೆ, ತಬ್ಬಲಿ ಮಕ್ಕಳು, ಗದ್ದೆಯ ನೀರಿಗೆ ಬುದ್ಯಂತನ ಜೊತೆ ಜಗಳ, ಆ ಜಗಳ ಕೊಲೆಗೆ ತಿರುಗಿದ್ದು, ಊರು ಬಿಟ್ಟದ್ದು, ಪಂಜ, ಎಣ್ಮೂರು, ಕಡೆಗೆ ಯುದ್ಧ. ನೀರಿನ ಕಟ್ಟ ಎಲ್ಲಿ ಕಡಿದರು ಎಂಬುದೂ ಅದರಲ್ಲುಂಟು. ಒಳ್ಳೆಯವರೂ ಕೆಟ್ಟವರೂ ಹೆಸರು ಹಿಡಿದೇ ಬರುತ್ತಾರೆ. ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಬೆನ್ನು ಬಗ್ಗಿಸಿಕೊಂಡೇ ಇದನ್ನು ಹೇಳುತ್ತ ಬಂದರು. ಎಣ್ಮೂರಿನಲ್ಲಿ ಸತ್ತ ಇಬ್ಬರು ಹುಡುಗರು ಕಾಪುವಿನಲ್ಲೂ ಕಾರ್ಕಳದಲ್ಲೂ ನೆನಪಿನಲ್ಲಿ ಉಳಿದದ್ದು ವಿವರದ ಬಲದಿಂದ. ಅದೇ ಕರಾವಳಿಯಲ್ಲಿ ಮೊಗವೀರರು ನಂಬುವ ಬೊಬ್ಬರ್ಯ ಇದ್ದಾನೆ. ಪಾಡ್ದನದ ಪ್ರಕಾರ ಬ್ಯಾರಿ ತಂದೆಯ ಮಗ. ಅವನಿಗೆ ಗುಂಡ, ಅಂದರೆ ಗುಡಿ, ಕಟ್ಟುವಾಗ ಜಾತಿ ವಿಚಾರಣೆ ಯಾರೂ ಮಾಡಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ಸುರತ್ಕಲ್, ಕಾಟಿಪಳ್ಳ ಅಂದರೆ ಹೊರಗಿನವರ ತಲೆಗೆ ಮೊದಲು ಬರುವುದು ನಿಷೇಧಾಜ್ಞೆ. 2018ರ ಜನವರಿ, 2022ರ ಜುಲೈ, ಅದೇ ವರ್ಷದ ಡಿಸೆಂಬರ್: ಮೂರೂ ಸಲ ನಮ್ಮೂರಿನಲ್ಲಿ ರಕ್ತ ಚೆಲ್ಲಿತು. ಒಂದು ಕಡೆಯವರಿಗೆ ಒಂದು ಹೆಸರು ಹುತಾತ್ಮ, ಇನ್ನೊಂದು ಕಡೆಯವರಿಗೆ ಇನ್ನೊಂದು. ಫ್ಲೆಕ್ಸ್‌ಗಳೂ ಎರಡು ಬಗೆ, ಕಟ್ಟುವ ಕಂಬಗಳೂ ಬೇರೆಬೇರೆ. ಮೂರು ಕಡೆ ಪೊಲೀಸ್ ವ್ಯಾನ್. ಈ ಲೆಕ್ಕದೊಳಗೆ ಪ್ರಾಂಜಲ್ ಅವರ ಮುಖ ಕೂಡ ಒಂದು ಗುಂಪಿನ ಸೊತ್ತಾಗಿ ಸೇರಿಹೋಗುವ ಅಪಾಯ ನನಗೆ ಕಾಣುತ್ತಿದೆ. ಹಾಗಾಗದಂತೆ ತಡೆಯುವುದಕ್ಕೆ ಭಾಷಣ ಬೇಡ, ಸೌಹಾರ್ದ ಸಭೆಯ ಶಾಮಿಯಾನವೂ ಬೇಡ. ಪ್ರಾಂಜಲ್ ಹೆಸರಿನ ಪಕ್ಕದಲ್ಲಿ ಅಬ್ದುಲ್ ಮಜೀದ್ ಹೆಸರು ಬರೆದರೆ ಸಾಕು. ಇದು ನಾನು ಹೂಡಿದ ಉಪಾಯವಲ್ಲ, ಬಾಜಿಮಾಲ್‌ನಲ್ಲಿ ನಡೆದದ್ದೇ ಹಾಗೆ. ಆ ಹೆಸರು ಬಿಟ್ಟರೆ ಸುಳ್ಳು ಬರೆದ ಹಾಗೆ.

ಯಾರಾದರೂ ತಕರಾರು ತೆಗೆಯಬಹುದು: ನಮ್ಮೂರಿನವನ ಕಾರ್ಯಕ್ರಮದಲ್ಲಿ ಹೊರಗಿನವರು ಯಾಕೆ ಅಂತ. ಅವರಿಗೆ ಬಾವುಟಗುಡ್ಡೆ ತೋರಿಸಿ. 1837ರಲ್ಲಿ ಸುಳ್ಯದ ಕಡೆಯಿಂದ ನಡೆದು ಬಂದ ರೈತರು ಮಂಗಳೂರಿನಲ್ಲಿ ಬ್ರಿಟಿಷರ ಬಾವುಟ ಇಳಿಸಿದ ಜಾಗ ಅದು. ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರ್‌ನಲ್ಲಿ, 185 ವರ್ಷ ಆದ ಮೇಲೆ. ಮಂಗಳೂರು ಪೇಟೆಯ ಲೆಕ್ಕದಲ್ಲಿ ಅವರೂ ಹೊರಗಿನವರೇ ಆಗಿದ್ದರು. ಇನ್ನು ರಸ್ತೆಗೆ ಹೆಸರಿಡುವುದು, ಸರ್ಕಲ್‌ಗೆ ಹೆಸರಿಡುವುದು ಬಂದರೆ ನಮ್ಮೂರಿನಲ್ಲಿ ಏನಾಗುತ್ತದೆ ಅಂತ ಲೈಟ್‌ಹೌಸ್ ಹಿಲ್ ರಸ್ತೆಯ ಗಲಾಟೆ ನೋಡಿದವರಿಗೆ ಹೇಳಬೇಕಾಗಿಲ್ಲ. ಪ್ರಾಂಜಲ್ ಹೆಸರನ್ನು ಆ ಹಗ್ಗಜಗ್ಗಾಟಕ್ಕೆ ಎಳೆಯದಿದ್ದರೆ ಅವರಿಗೆ ಅದೇ ದೊಡ್ಡ ಗೌರವ ಎಂದು ನನಗನಿಸುತ್ತದೆ. ಕದ್ರಿ ಗುಡ್ಡದ ಮೇಲೆ ಸರ್ಕ್ಯೂಟ್ ಹೌಸ್ ಹತ್ತಿರ ಯುದ್ಧ ಸ್ಮಾರಕ ಇದ್ದೇ ಇದೆ. ಕಾರ್ಗಿಲ್ ವಿಜಯ ದಿನವಾದ ಜುಲೈ 26ಕ್ಕೆ ಅಲ್ಲಿ ಹೂವಿಡುತ್ತಾರೆ, ಮಾಜಿ ಸೈನಿಕರು ಪದಕ ಧರಿಸಿ ಬರುತ್ತಾರೆ. ಆ ದಿನ ಅವರ ಹತ್ತಿರ ಹೋಗಿ ಮಾತಾಡಿ. ರಾಷ್ಟ್ರೀಯ ರೈಫಲ್ಸ್‌ನಲ್ಲಿ ಇದ್ದು ಬಂದವರು ನಮ್ಮ ಜಿಲ್ಲೆಯಲ್ಲೂ ಸಿಗುತ್ತಾರೆ. ರಾತ್ರಿ ಕಾಡಿನಲ್ಲಿ ಸುತ್ತುವರಿಯುವುದು ಅಂದರೆ ಏನು, ಮನೆಯೊಳಗೆ ಜನ ಇರುವಾಗ ಗುಂಡು ಹಾರಿಸದೆ ಕಾಯುವುದು ಅಂದರೆ ಏನು ಅಂತ ಕೇಳಿ. ಇಂಥದ್ದನ್ನು ಅವರಿಂದ ಕೇಳಿದವರು ಬಹಳ ಇಲ್ಲ.

ನನ್ನ ಕೋರಿಕೆ ಇಷ್ಟು. ಬರುವ ನವೆಂಬರ್ 22ಕ್ಕೆ ಒಂದು ಗಂಟೆಯ ಕಾರ್ಯಕ್ರಮ ಮಾಡಿ. ಮುಖ್ಯ ಅತಿಥಿ ಬೇಡ, ಶಾಲು ಹಾರ ಬೇಡ, ದೀಪ ಬೆಳಗಿಸುವುದಕ್ಕೆ ಹತ್ತು ಜನ ಸ್ಟೇಜ್ ಹತ್ತುವುದು ಬೇಡ. ಬಾಜಿಮಾಲ್‌ನಲ್ಲಿ ನಡೆದದ್ದನ್ನು ಒಬ್ಬರು ಮೊದಲಿನಿಂದ ಕೊನೆವರೆಗೆ ಹೇಳಲಿ, ತುಳುವಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಬ್ಯಾರಿ ಭಾಷೆಯಲ್ಲಿ ಹೇಳಬಲ್ಲವರು ಕೃಷ್ಣಾಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನೂ ಕರೆಯಿರಿ. ಹೆತ್ತವರನ್ನು, ಹೆಂಡತಿಯನ್ನು ಕರೆತಂದು ಸ್ಟೇಜಿನಲ್ಲಿ ಕೂರಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ. ಅವರನ್ನು ಅವರ ಪಾಡಿಗೆ ಇರಲು ಬಿಡಬೇಕು. ಇನ್ನು ಫ್ಲೆಕ್ಸ್ ಮಾಡುವುದಾದರೆ ಫೋಟೋ ಚಿಕ್ಕದಿರಲಿ, ಅಕ್ಷರ ದೊಡ್ಡದಿರಲಿ. ಊರು, ತಾರೀಕು, ಪಡೆ, ಐದು ಹೆಸರು, ಐದು ಊರು. ಟ್ಯಾಂಕ್ ತೆಗೆದರೆ ಅಷ್ಟಕ್ಕೆ ಧಾರಾಳ ಜಾಗ ಆಗುತ್ತದೆ. ನಮ್ಮ ಹನ್ನೆರಡು ಮುಖಗಳನ್ನು ಊರಿನವರು ದಿನಾ ನೋಡುತ್ತಲೇ ಇದ್ದಾರೆ.

ಖರ್ಚಿಗೆ ನನ್ನ ಪಾಲು ಕೊಡುತ್ತೇನೆ. ದಿನ ಗಟ್ಟಿಮಾಡುವ ಮೊದಲು ಆ ವಾರ ಹತ್ತಿರದಲ್ಲಿ ಯಾವ ಕಂಬಳ ಇದೆ, ಯಾವ ಮೇಳದ ಆಟ ಇದೆ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಜನ ಬರುವುದಿಲ್ಲ. ಸಂಜೆ ಆರೂವರೆಗೆ ಇಟ್ಟರೆ ರಿಫೈನರಿಯಲ್ಲಿ ಜನರಲ್ ಶಿಫ್ಟ್ ಮುಗಿಸಿದವರಿಗೂ ಅನುಕೂಲ.

ನಿಮ್ಮ,
ಸುರತ್ಕಲ್‌ನ ಒಬ್ಬ ನೆರೆಯವ